ತೇರಿನ ಬೀದಿ, ಮಕ್ಕಳ ನಕ್ಷೆ

ಮಾಘ ಮಾಸದಲ್ಲಿ ಗುರು ಕೊಟ್ಟೂರೇಶ್ವರನ ತೇರು ಎಳೆಯುವ ದಿನ ಕೊಟ್ಟೂರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದಲೂ ಭಕ್ತರು ಬರುತ್ತಾರೆ. ನಡೆದೇ ಬರುವವರೂ ಉಂಟು. ತೇರು ಸಾಗಲು ಬೀದಿ ಬೇಕು, ಜನ ನಿಲ್ಲಲು ಬಯಲು ಬೇಕು. ಜಾತ್ರೆ ಮುಗಿದ ಮೇಲೆ ಮಕ್ಕಳಿಗೆ ಆಡಲೂ ಜಾಗ ಬೇಕಲ್ಲ!

2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಈ ಐದೂ ಊರುಗಳು ತಾಲ್ಲೂಕು ಕೇಂದ್ರಗಳು. ಊರು ಬೆಳೆದಂತೆ ಬಯಲು ಕಿರಿದಾಗುತ್ತದೆ. ಮಳೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ತಿರುವಿನಲ್ಲಿ ಸಂಜೆ ದೀಪವಿಲ್ಲ ಎಂಬುದು ದಿನವೂ ಶಾಲೆಗೆ ನಡೆಯುವ ಹುಡುಗ ಹುಡುಗಿಯರಿಗೆ ಗೊತ್ತು. ಆದರೆ ನಕ್ಷೆ ಬರೆಯುವಾಗ ಅವರನ್ನು ಕೇಳುವವರು ಯಾರು?

ಕೇಳಿದ ಊರುಗಳೂ ಇವೆ. ವಿಶ್ವಸಂಸ್ಥೆಯ ಅಂಗವಾದ ಯುಎನ್ ಹ್ಯಾಬಿಟ್ಯಾಟ್, ಸ್ವೀಡನ್ನಿನ ಮೊಜಾಂಗ್ ಕಂಪನಿಯ ಜೊತೆಗೂಡಿ 2012ರಲ್ಲಿ ‘ಬ್ಲಾಕ್ ಬೈ ಬ್ಲಾಕ್’ ಯೋಜನೆ ಆರಂಭಿಸಿತು. ಅದರ ಸಾಧನ ‘ಮೈನ್‌ಕ್ರಾಫ್ಟ್’ ಎಂಬ ವಿಡಿಯೋ ಗೇಮ್. ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲಿ, ಮುಂಬೈನ ಗೌತಮ ನಗರದಲ್ಲಿ ಈ ಪ್ರಯೋಗ ನಡೆಯಿತು. ನಿವಾಸಿಗಳು ಮೊದಲು ಜಾಗವನ್ನು ಸುತ್ತಿ ನೋಡುತ್ತಾರೆ. ಆಮೇಲೆ ಗುಂಪಾಗಿ ಕಂಪ್ಯೂಟರಿನ ಮುಂದೆ ಕುಳಿತು, ಇಟ್ಟಿಗೆ ಜೋಡಿಸಿದಂತೆ ದಾರಿ, ದೀಪ, ಗಿಡ, ಮೈದಾನಗಳನ್ನು ಪರದೆಯ ಮೇಲೆ ಕಟ್ಟಿ ಅಧಿಕಾರಿಗಳಿಗೆ ತೋರಿಸುತ್ತಾರೆ. ನಕ್ಷೆ ಓದಲು ಬಾರದವರಿಗೂ ಇದು ಅರ್ಥವಾಗುತ್ತದೆ.

ಪರದೆಯ ಮೇಲೆ ತಪ್ಪಾಗಿ ಕಟ್ಟಿದ ಗೋಡೆಯನ್ನು ಕ್ಷಣದಲ್ಲಿ ಕೆಡವಬಹುದು. ಬೀದಿಯಲ್ಲಿ ಕಟ್ಟಿದ್ದನ್ನು ಕೆಡವುವುದು ಅಷ್ಟು ಸುಲಭವಲ್ಲ. ಕೊಟ್ಟೂರಿನ ಶಾಲೆಯ ಕಂಪ್ಯೂಟರಿನಲ್ಲೂ ತೇರಿನ ಬೀದಿ ಮೂಡಬಹುದು. ಗೇಮ್ ಆಡುವ ಮಗುವನ್ನು ಗದರುವ ಮುನ್ನ ತಂದೆತಾಯಿ ಒಮ್ಮೆ, ‘ನಮ್ಮ ಬೀದಿ ಹೇಗಿರಬೇಕು, ಕಟ್ಟಿ ತೋರಿಸು’ ಎಂದು ಕೇಳಿ ನೋಡಲಿ.