ಗಾಜಿನ ಗರ್ಭದಲ್ಲಿ ಬೆಳಕು

ಗಾಜೆಂದರೆ ಬೆಳಕನ್ನು ತನ್ನ ಮೂಲಕ ದಾಟಗೊಡುವ ವಸ್ತುವೆಂಬುದು ಲೋಕರೂಢಿಯ ತಿಳಿವಳಿಕೆ. ಆ ಬೆಳಕು ಗಾಜಿನೊಳಗೇ ತಂಗಿ, ಅಲ್ಲಿಯೇ ರೂಪ ತಾಳಬಲ್ಲದೆಂಬುದನ್ನು ತೋರಿಸಿಕೊಟ್ಟವರು ಚೆಕ್ ನಾಡಿನ ಶಿಲ್ಪಿ ದಂಪತಿಗಳಾದ ಸ್ತಾನಿಸ್ಲಾವ್ ಲಿಬೆನ್‌ಸ್ಕಿ (1921–2002) ಮತ್ತು ಯಾರೊಸ್ಲಾವಾ ಬ್ರಿಖ್ತೊವಾ (1924–2020).

ಬೊಹೀಮಿಯಾದ ಝೆಲೆಜ್ನಿ ಬ್ರೋಡ್ ಗಾಜಿನ ಕಸುಬಿಗೆ ಹೆಸರಾದ ಊರು. ಬ್ರಿಖ್ತೊವಾ ಅಲ್ಲಿಯೇ ಹುಟ್ಟಿದವರು. ತಂದೆ ಅಲ್ಲಿನ ಗಾಜಿನ ಶಾಲೆಯನ್ನು ಕಟ್ಟಿದವರಲ್ಲಿ ಒಬ್ಬರು. 1954ರಲ್ಲಿ ಲಿಬೆನ್‌ಸ್ಕಿ ಅದೇ ಶಾಲೆಗೆ ನಿರ್ದೇಶಕರಾಗಿ ಬಂದರು. ಮುಂದಿನ ಸುಮಾರು ಐದು ದಶಕಗಳ ಕೃತಿಗಳಿಗೆಲ್ಲ ಇಬ್ಬರ ಹೆಸರೂ ಒಟ್ಟಿಗೆ ಇವೆ. ಅವರು ಚಿತ್ರ ಬರೆಯುವರು, ಇವರು ಅದನ್ನು ಜೇಡಿಮಣ್ಣಿನಲ್ಲಿ ಮೂಡಿಸುವರು. ಆ ಮಣ್ಣಿನ ರೂಪದಿಂದ ಅಚ್ಚು ತೆಗೆದು, ಗಾಜಿನ ತುಂಡುಗಳನ್ನು ತುಂಬಿ ಕುಲುಮೆಯಲ್ಲಿ ಕರಗಿಸುವುದು. ಕರಗಿಸುವುದಕ್ಕಿಂತ ಆರಿಸುವುದೇ ಕಠಿಣವಾದುದು. ದೊಡ್ಡ ಕೃತಿಯಾದರೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅವಸರಪಟ್ಟರೆ ಗಾಜು ಒಡೆಯುತ್ತದೆ.

ಅವರು ಕಂಡುಕೊಂಡ ಮರ್ಮ ಸರಳವಾದುದು. ಒಂದೇ ಬಣ್ಣದ ಗಾಜು ತೆಳುವಾದೆಡೆ ತಿಳಿಯಾಗಿಯೂ ದಪ್ಪವಾದೆಡೆ ಗಾಢವಾಗಿಯೂ ಕಾಣುತ್ತದೆ. ಹೀಗಾಗಿ ಎರಡನೆಯ ಬಣ್ಣವಿಲ್ಲದೆಯೇ ದಪ್ಪವನ್ನು ಹೆಚ್ಚುಕಡಿಮೆ ಮಾಡುವುದರಿಂದ ನೆರಳುಬೆಳಕನ್ನು ಬರೆಯಬಹುದು. ಹಿಂಬದಿಯಲ್ಲಿ ತೋಡಿದ ಕುಳಿಯು ಮುಂಬದಿಯಿಂದ ನೋಡುವವನಿಗೆ ಉಬ್ಬಿದ ಆಕಾರವಾಗಿ ತೋರುವುದುಂಟು. ಅಲ್ಲಿ ಇಲ್ಲದ ಗಾಜೇ ರೂಪವಾಗುತ್ತದೆ! ಕಲ್ಲಿನ ಶಿಲ್ಪಿಗೆ ಈ ಭಾಗ್ಯವಿಲ್ಲ.

ಆದರೆ ಪಾರದರ್ಶಕವಾದ ವಸ್ತುವು ಕಾಲದ ಸತ್ಯವನ್ನೂ ಮುಚ್ಚಿಡಲಾರದಷ್ಟೆ. 1968ರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾವನ್ನು ಹೊಕ್ಕಿತು. ಎರಡು ವರ್ಷಗಳ ತರುವಾಯ, 1970ರ ಒಸಾಕಾ ವಿಶ್ವಪ್ರದರ್ಶನಕ್ಕೆ ದಂಪತಿಗಳು ‘ಜೀವನದಿ’ಯೆಂಬ ಸುಮಾರು 22 ಮೀಟರ್ ಉದ್ದದ ಗಾಜಿನ ಶಿಲ್ಪವನ್ನು ರಚಿಸಿದರು. ಹೆಪ್ಪುಗಟ್ಟಿದ ಆ ನದಿಯ ಮೇಲೆ ಸೈನಿಕರ ಬೂಟುಗಳ ಗುರುತುಗಳಿದ್ದವು. ಅಧಿಕಾರಸ್ಥರು ಅದನ್ನು ಸಹಿಸದೆ ಆ ಗುರುತುಗಳನ್ನು ತೆಗೆಸಿಹಾಕಿದರು. ಕೃತಿಯನ್ನು ಹೊಗಳುವ ಎಷ್ಟು ಮಾತುಗಳೂ ಈ ಅಂಜಿಕೆಯಷ್ಟು ದೊಡ್ಡ ಮನ್ನಣೆಯನ್ನು ಅದಕ್ಕೆ ತಂದುಕೊಡಲಾರವು.

ಪ್ರಾಗ್ ನಗರದ ಅನ್ವಯಿಕ ಕಲೆಗಳ ಅಕಾಡೆಮಿಯಲ್ಲಿ 1963ರಿಂದ 1987ರವರೆಗೆ ಲಿಬೆನ್‌ಸ್ಕಿ ಬೋಧಿಸಿದರು. ಗಾಜನ್ನು ಶಿಲ್ಪವೆಂದು ಎಣಿಸುವ ಒಂದು ಪೀಳಿಗೆ ಅವರ ಕೈಯಲ್ಲಿ ಬೆಳೆಯಿತು. ಕೊನೆಯ ವರ್ಷಗಳಲ್ಲಿ ಅವರನ್ನು ವ್ಯಾಧಿ ಕಾಡಿತು. ಆಗಿನ ಶಿಲ್ಪಗಳಲ್ಲಿ ಕೆಂಪು, ನೀಲಿಗಳು ಹಿಂದೆ ಸರಿದು, ಬೂದು ಮತ್ತು ಕಪ್ಪಿಗೆ ಹತ್ತಿರವಾದ ಗಾಜು ಬಂದಿತು. ದೂರದಿಂದ ಅವು ಕಗ್ಗಲ್ಲುಗಳಂತೆಯೇ ತೋರುತ್ತವೆ. ಹತ್ತಿರ ಹೋಗಿ ನಿಂತರೆ, ಗಾಜು ತೆಳುವಾಗುವ ಅಂಚಿನಲ್ಲಿ ಮಾತ್ರ ಬೆಳಕು ಸಣ್ಣಗೆ ಕಾಣುತ್ತದೆ.