ತೆರೆಯ ಮೇಲಿನ ನೀರು

ಕಣ್ಣಿನಿಂದ ಕಂಡದ್ದನ್ನು ಮನುಷ್ಯನು ಬೇಗನೆ ನಂಬುತ್ತಾನೆ. ಕಿವಿಗೆ ಬಿದ್ದ ಮಾತನ್ನು ನಾಲ್ಕು ಸಲ ತೂಗಿ ನೋಡುವವನು ಕೂಡ ಕಣ್ಣೆದುರಿನ ಚಿತ್ರವನ್ನು ತೂಗುವ ಗೋಜಿಗೆ ಹೋಗುವುದಿಲ್ಲ. ಪಾಠಶಾಲೆಯೊಳಕ್ಕೆ ಚಿತ್ರವು ಬಂದದ್ದು ಈ ಗುಣದಿಂದಲೇ. ಅಲ್ಲಿ ಅದು ಒಮ್ಮೊಮ್ಮೆ ಕೇಡು ಮಾಡುವುದೂ ಈ ಗುಣದಿಂದಲೇ. ಹಿರಿಯೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನವನ್ನು ಬೋಧಿಸುತ್ತಿದ್ದ ಮೇಷ್ಟರೊಬ್ಬರಿಗೆ ಇದರ ಎರಡು ಮುಖಗಳೂ ಒಂದೇ ವಾರದಲ್ಲಿ ಗೋಚರವಾದುವು.

ಮೇಷ್ಟರು ಹುಟ್ಟಿ ಬೆಳೆದದ್ದು ಹೊಳಲ್ಕೆರೆಯ ಕಡೆ. ಕೆಲಸಕ್ಕೆ ಮೊದಲು ಸೇರಿದ್ದು ಹೊಸದುರ್ಗದ ಸೀಮೆಯಲ್ಲಿ. ಮೂವತ್ತು ವರ್ಷ ಅವರ ಕೈಯಲ್ಲಿದ್ದುದು ಸೀಮೆಸುಣ್ಣವೊಂದೇ. 2023ರ ಬೇಸಗೆಯ ರಜ ಮುಗಿದು ಶಾಲೆ ತೆರೆದಾಗ ಒಂಬತ್ತನೆಯ ತರಗತಿಯ ಕೊಠಡಿಯಲ್ಲಿ ಒಂದು ಪ್ರೊಜೆಕ್ಟರು ತೂಗುಹಾಕಿತ್ತು. ನಿವೃತ್ತಿಗೆ ಇನ್ನು ಎರಡು ವರ್ಷವಿದ್ದ ಅವರಿಗೆ ಅದನ್ನು ಕಂಡು ಸ್ವಲ್ಪ ಅಂಜಿಕೆಯೂ ಅದಕ್ಕಿಂತ ಹೆಚ್ಚು ಹಠವೂ ಹುಟ್ಟಿದುವು. ಹೊಸ ಉಪಾಧ್ಯಾಯರು ಮಾಡುವುದನ್ನು ತಾವು ಮಾಡಲಾರೆವೇ? ಮೂರು ರಾತ್ರಿ ಕುಳಿತು, ಮಗನಿಂದ ಹೇಳಿಸಿಕೊಂಡು, ಜಿಲ್ಲೆಯ ಮಳೆ, ನದಿ, ಅಣೆಕಟ್ಟುಗಳನ್ನು ಕುರಿತು ನಲವತ್ತೆರಡು ಸ್ಲೈಡುಗಳನ್ನು ಸಿದ್ಧಪಡಿಸಿದರು. ಅಕ್ಷರಗಳು ಗಿರ್ರನೆ ತಿರುಗಿ ಬಂದು ಸಾಲಿನಲ್ಲಿ ನಿಲ್ಲುವಂತೆ ಮಾಡಿದರು. ಪ್ರತಿ ಚಿತ್ರಕ್ಕೂ ಒಂದು ಘಂಟಾನಾದವನ್ನು ಜೋಡಿಸಿದರು.

ಮೊದಲ ದಿನವೇ ವಿಘ್ನ ಒದಗಿತು. ಮನೆಯ ಗಣಕದಲ್ಲಿ ಹಳೆಯ ಬಗೆಯ ನುಡಿ ಅಕ್ಷರಗಳಲ್ಲಿ ಬರೆದದ್ದು, ಆ ಅಕ್ಷರಮಾಲೆಯಿಲ್ಲದ ಶಾಲೆಯ ಗಣಕದಲ್ಲಿ ರೋಮನ್ ಅಕ್ಷರ, ಅಡ್ಡಗೆರೆ, ಚುಕ್ಕೆಗಳ ಕಲಸುಮೇಲೋಗರವಾಗಿ ತೋರಿತು. ಹುಡುಗರು ನಕ್ಕರು, ಮೇಷ್ಟರೂ ನಕ್ಕರು. ಆ ರಾತ್ರಿ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿಕೊಂಡು ಮರುದಿನ ತಂದರು. ಕನ್ನಡದಲ್ಲಿ ಪಾಠವನ್ನು ಸಿದ್ಧಪಡಿಸುವವರು ಮೊಟ್ಟಮೊದಲು ಕಲಿಯಬೇಕಾದ ಸಂಗತಿ ಇದು. ಯೂನಿಕೋಡಿನಲ್ಲಿ ಬರೆದದ್ದು ಯಾವ ಗಣಕದಲ್ಲಿ ತೆರೆದರೂ ಕನ್ನಡವಾಗಿಯೇ ಉಳಿಯುತ್ತದೆ.

ಎರಡನೆಯ ದಿನ ಪಾಠ ಸಾಂಗವಾಗಿ ನೆರವೇರಿತು. ಕಿಟಕಿಗಳನ್ನು ಮುಚ್ಚಿ ಕತ್ತಲು ಮಾಡಿದರು. ಸ್ಲೈಡುಗಳು ಒಂದರ ಹಿಂದೆ ಒಂದು ಹಾದುಹೋದುವು. ತೆರೆಯ ಮೇಲೆ ಬರೆದಿದ್ದ ವಾಕ್ಯಗಳನ್ನೇ ಮೇಷ್ಟರು ಗಟ್ಟಿಯಾಗಿ ಓದಿದರು. ಕೊನೆಗೆ, ವಾಣಿ ವಿಲಾಸ ಸಾಗರವು ತುಂಬಿ, ಕೋಡಿಯ ಮೇಲೆ ಬೆಳ್ಳನೆಯ ನೀರು ಉರುಳುವ ಚಿತ್ರ ಬಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಹೊರಗೆ ಬರುವಾಗ ಮೇಷ್ಟರ ಮುಖದಲ್ಲಿ ಹತ್ತು ವರ್ಷ ಕಡಮೆಯಾದಂತೆ ಇತ್ತು.

ಆ ಸಂತೋಷವು ಶನಿವಾರದವರೆಗೆ ಬಾಳಿತು. ಅಂದು ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದಲು ಕುಳಿತರೆ, ಹೆಚ್ಚುಕಡಮೆ ಅರ್ಧ ತರಗತಿ ಒಂದೇ ವಾಕ್ಯವನ್ನು ಬರೆದಿತ್ತು: ವಾಣಿ ವಿಲಾಸ ಸಾಗರವು ಪ್ರತಿ ವರ್ಷ ತುಂಬಿ ಕೋಡಿ ಬೀಳುತ್ತದೆ. ಹೀಗೆ ಬರೆದವರಲ್ಲಿ ಅಚ್ಚುಕಟ್ಟಿನ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗಿಯೂ ಒಬ್ಬಳು. ಕಾಲುವೆಗೆ ನೀರು ಬಾರದ ವರ್ಷಗಳಲ್ಲಿ ಅವಳ ಮನೆಯ ತೆಂಗಿನ ತೋಟ ಸುಳಿ ಒಣಗಿ ನಿಂತದ್ದು ಮೇಷ್ಟರಿಗೆ ತಿಳಿದಿತ್ತು. ಅವಳನ್ನು ಕರೆದು ಕೇಳಿದರು: “ಸಾಗರ ಪ್ರತಿ ವರ್ಷ ತುಂಬುವುದಾದರೆ ನಿಮ್ಮ ತೋಟ ಏಕಮ್ಮಾ ಒಣಗಿತು?”

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಅದು ಬೇರೆ ಸಾರ್, ಇದು ಪಾಠ” ಎಂದಳು.

ಮೇಷ್ಟರು ಪತ್ರಿಕೆಗಳನ್ನು ಮಡಿಸಿ ಇಟ್ಟುಬಿಟ್ಟರು. ಮೂವತ್ತು ವರ್ಷದ ವೃತ್ತಿಯಲ್ಲಿ ಮಕ್ಕಳು ತಪ್ಪು ಹೇಳಿದ್ದು ಎಷ್ಟೋ ಸಲ ಉಂಟು. ಆದರೆ ತನ್ನ ಮನೆಯಲ್ಲಿ ಅನುಭವಿಸಿದ್ದನ್ನು ಒಂದು ಮಗುವು ಪಾಠಕ್ಕಾಗಿ ಬದಿಗೆ ಸರಿಸಿದ್ದು, ಅದಕ್ಕೆ ತಾವೇ ಕಾರಣರಾದದ್ದು ಇದೇ ಮೊದಲು. ಆ ಚಿತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಅದು 2022ರ ಸೆಪ್ಟೆಂಬರಿನಲ್ಲಿ ತೆಗೆದದ್ದು. ಸಾಗರವು ನಿಜವಾಗಿಯೂ ಕೋಡಿ ಬಿದ್ದಿತ್ತು. ಆದರೆ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ಆ ಅಣೆಯ ಕೆಲಸ ಮುಗಿದದ್ದು 1907ರಲ್ಲಿ; ಅಲ್ಲಿಂದೀಚೆಗೆ 130 ಅಡಿ ತುಂಬಿ ಹೊರಚೆಲ್ಲಿದ್ದು 1933ರಲ್ಲಿ ಒಮ್ಮೆ, ಎಂಬತ್ತೊಂಬತ್ತು ವರ್ಷಗಳ ಬಳಿಕ 2022ರಲ್ಲಿ ಮತ್ತೊಮ್ಮೆ. ಚಿತ್ರವು ಆ ಒಂದು ಕ್ಷಣವನ್ನು ಹೇಳಿತು. ನಡುವಣ ಎಂಬತ್ತೊಂಬತ್ತು ವರ್ಷಗಳನ್ನು ಹೇಳಲಿಲ್ಲ. ಹೇಳಬೇಕಾದವರು ಮೇಷ್ಟರು. ಅವರೋ, ತೆರೆಯ ಮೇಲಿದ್ದ ವಾಕ್ಯವನ್ನು ಓದುವುದರಲ್ಲಿ ನಿರತರಾಗಿದ್ದರು.

ಆ ರಾತ್ರಿ ಅವರಿಗೆ ನೆನಪಾದದ್ದು ಬಾಲ್ಯದಲ್ಲಿ ಊರ ಬಯಲಿನಲ್ಲಿ ಕಂಡ ತೊಗಲುಗೊಂಬೆಯಾಟ. ಬಿಳಿಯ ಪರದೆ, ಹಿಂದೊಂದು ದೀಪ, ಬಣ್ಣದ ತೊಗಲು, ಹಾಡು, ಮದ್ದಳೆ, ಮಾತು. ಚಿತ್ರ, ಬೆಳಕು, ಧ್ವನಿಗಳನ್ನು ಒಂದುಗೂಡಿಸಿ ಕಥೆ ಹೇಳುವ ವಿದ್ಯೆಯು ಈ ನಾಡಿಗೆ ಪ್ರೊಜೆಕ್ಟರಿನೊಡನೆ ಬಂದದ್ದಲ್ಲ. ಆಟದವನು ಅರಿತಿದ್ದ ಕೆಲವು ಗುಟ್ಟುಗಳನ್ನು ಮಾತ್ರ ಈಗಿನ ತರಗತಿಗಳು ಮರೆತಿವೆ. ಅವನು ರಾಮಾಯಣದ ಗೊಂಬೆಗಳನ್ನೆಲ್ಲ ಒಮ್ಮೆಗೇ ಪರದೆಗೆ ಒರಗಿಸುತ್ತಿರಲಿಲ್ಲ. ಯಾರ ಮಾತು ನಡೆದಿದೆಯೋ ಆ ಗೊಂಬೆ ಅಲುಗುತ್ತಿತ್ತು, ಉಳಿದವು ಸುಮ್ಮನಿರುತ್ತಿದ್ದುವು. ಪರದೆಯ ಮೇಲೆ ಅವನು ಏನನ್ನೂ ಬರೆಯುತ್ತಿರಲಿಲ್ಲ. ಗೊಂಬೆಯು ಹೇಳಲಾರದ್ದನ್ನು ಬಾಯಿಂದ ಹೇಳುತ್ತಿದ್ದನು. ಕಥೆ ಬಿಗಿಯಾಯಿತೆಂದು ಕಂಡಾಗ ಕಿಳ್ಳೇಕ್ಯಾತನನ್ನೂ ಬಂಗಾರಕ್ಕನನ್ನೂ ತಂದು, ಊರಿನ ಸುದ್ದಿಯನ್ನೇ ಅವರ ಬಾಯಿಗಿಟ್ಟು ನಗಿಸುತ್ತಿದ್ದನು. ಲಂಕೆಯ ಕಥೆಯು ನೋಡುವವರ ಹಟ್ಟಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದುದು ಹಾಗೆ. “ಅದು ಬೇರೆ, ಇದು ಆಟ” ಎಂದು ಯಾರಿಗೂ ಅನಿಸುತ್ತಿರಲಿಲ್ಲ.

ಬಲ್ಲವರ ಮಾತೂ ಇದಕ್ಕೆ ದೂರವಾದುದಲ್ಲ. ಕೊಮೇನಿಯಸ್ ಎಂಬ ಶಿಕ್ಷಣತಜ್ಞನು 1658ರಲ್ಲಿ ಮಕ್ಕಳಿಗಾಗಿ ಚಿತ್ರಗಳ ಪಠ್ಯಪುಸ್ತಕವೊಂದನ್ನು ಪ್ರಕಟಿಸಿದನು. ಚಿತ್ರದಲ್ಲಿನ ಒಂದೊಂದು ವಸ್ತುವಿಗೂ ಒಂದು ಅಂಕೆ, ಆ ಅಂಕೆಗೆ ಸರಿಯಾಗಿ ಒಂದು ಮಾತು, ಹೆಚ್ಚಿಲ್ಲ, ಕಡಮೆಯಿಲ್ಲ. ಈಚಿನ ಕಾಲದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರು ಪ್ರಯೋಗಗಳಿಂದ ತೋರಿಸಿರುವುದೂ ಇದನ್ನೇ. ಬರಿಯ ಮಾತಿಗಿಂತ ಮಾತು ಮತ್ತು ಚಿತ್ರ ಒಟ್ಟಿಗೆ ಬಂದರೆ ತಿಳಿವಳಿಕೆ ಹೆಚ್ಚುತ್ತದೆ; ಆದರೆ ವಿಷಯಕ್ಕೆ ಸಂಬಂಧಿಸದ ಅಲಂಕಾರವೂ ಸದ್ದೂ ಅದನ್ನು ಕೆಡಿಸುತ್ತವೆ. ತೆರೆಯ ಮೇಲೆ ಬರೆದುದನ್ನೇ ಬಾಯಲ್ಲೂ ಓದಿದರೆ ಕಣ್ಣು ಕಿವಿಗಳು ಒಂದೇ ಹೊರೆಯನ್ನು ಎರಡು ಸಲ ಹೊತ್ತು ದಣಿಯುತ್ತವೆ. ಮೇಷ್ಟರ ನಲವತ್ತೆರಡು ಸ್ಲೈಡುಗಳು ಈ ತಪ್ಪುಗಳೆಲ್ಲವನ್ನೂ ಶ್ರದ್ಧೆಯಿಂದ ಮಾಡಿದ್ದುವು.

ಸೋಮವಾರ ಅವರು ಪ್ರೊಜೆಕ್ಟರನ್ನು ಮುಟ್ಟಲಿಲ್ಲ, ಕಿಟಕಿಗಳನ್ನು ತೆರೆಸಿದರು. “ನಿಮ್ಮ ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ. ಸಾಗರ ಕೋಡಿ ಬಿದ್ದದ್ದನ್ನು ಅವರು ಎಷ್ಟು ಸಲ ನೋಡಿದ್ದಾರೆ?” ಎಂದಷ್ಟೇ ಹೇಳಿ ಕಳುಹಿಸಿದರು. ಮರುದಿನ ಎಲ್ಲರೂ ತಂದ ಉತ್ತರ ಒಂದೇ: ಒಂದು ಸಲ, ಮೊನ್ನೆ ಮೊನ್ನೆ. ಒಬ್ಬ ಹುಡುಗನ ಮುತ್ತಜ್ಜಿಯು ಮಾತ್ರ, ತಾನು ನೋಡಿಲ್ಲವೆಂದೂ ತನ್ನ ತಾಯಿ ನೋಡಿದ್ದಳೆಂದೂ ಹೇಳಿದ್ದಳಂತೆ. ಆಗ ಮೇಷ್ಟರು ಗೋಡೆಯ ಈ ತುದಿಯಿಂದ ಆ ತುದಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಹತ್ತು ವರ್ಷಕ್ಕೆ ಒಂದು ಗೇಣು. ಆರಂಭದಲ್ಲಿ 1907. ಮಕ್ಕಳು ಒಬ್ಬೊಬ್ಬರಾಗಿ ಬಂದು ಗೇಣು ಹಾಕಿದರು. ಎರಡೂವರೆ ಗೇಣಿನ ಮೇಲೆ ಒಂದು ಗುರುತು, 1933. ಅಲ್ಲಿಂದ ಮುಂದೆ ಗೇಣಿನ ಮೇಲೆ ಗೇಣು, ಬರಿಯ ಗೆರೆ. ಒಂಬತ್ತು ಗೇಣು ಮುಗಿಯುತ್ತ ಬಂದಾಗ ಎರಡನೆಯ ಗುರುತು. ಕೊಠಡಿಯಲ್ಲಿ ಸದ್ದಿರಲಿಲ್ಲ.

ಆಮೇಲೆ ಪ್ರೊಜೆಕ್ಟರನ್ನು ಹಚ್ಚಿ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ತೋರಿಸಿದರು. ಒಂದು, ಹಿಂದೆ ತೋರಿಸಿದ್ದ ತುಂಬಿದ ಸಾಗರ. ಇನ್ನೊಂದು, ನೀರು ತಳಕ್ಕಿಳಿದ ವರ್ಷವೊಂದರ ಸಾಗರ. ಅಣೆಯ ಒಳಮೈಯ ಕಲ್ಲು ಬರಿದಾಗಿ ಕಾಣುತ್ತಿತ್ತು. ಯಾವ ಅಕ್ಷರವೂ ಇಲ್ಲ, ಘಂಟಾನಾದವೂ ಇಲ್ಲ. ಮೇಷ್ಟರು ಸುಮ್ಮನೆ ನಿಂತರು. ಬಹಳ ಹೊತ್ತಿನ ಮೇಲೆ ಆ ಹುಡುಗಿ ಎದ್ದು, ಎರಡನೆಯ ಚಿತ್ರವನ್ನು ತೋರಿಸಿ, “ನಮ್ಮ ತೋಟ ಒಣಗಿದ್ದು ಆಗ, ಸಾರ್” ಎಂದಳು. ಬಳಿಕ ತೋಟದಲ್ಲಿ ಎಷ್ಟು ಮರ ಇದ್ದುವು, ಕೊಳವೆಬಾವಿ ಎಷ್ಟು ಆಳಕ್ಕೆ ಹೋಯಿತು, ಚಿಕ್ಕಪ್ಪ ಏಕೆ ಬೆಂಗಳೂರಿಗೆ ಹೋದ, ಎಲ್ಲವನ್ನೂ ಹೇಳಿದಳು. ಅಂದಿನ ಪಾಠವನ್ನು ಮಾಡಿದವಳು ಅವಳೇ ಎಂದರೆ ಅತಿಶಯೋಕ್ತಿಯಾಗದು.

ಅಂದಿನಿಂದ ಮೇಷ್ಟರು ಯಂತ್ರವನ್ನು ತೊರೆಯಲಿಲ್ಲ. ಅದಕ್ಕೆ ತಕ್ಕ ಕೆಲಸವನ್ನು ಹುಡುಕಿಕೊಟ್ಟರು. ಅಶೋಕನ ಪಾಠ ಬಂದಾಗ ಅದರ ಸಾರ್ಥಕತೆ ಕಂಡಿತು. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನವು ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ನಲವತ್ತು ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೂ ಸವೆದ ಬಂಡೆಯ ಮೇಲೆ ಎಲ್ಲರೂ ಒಟ್ಟಿಗೆ ಬಗ್ಗಿ ಅಕ್ಷರ ನೋಡುವುದು ಆಗದ ಮಾತು. ಶಾಸನದ ಅಚ್ಚುಪ್ರತಿಯನ್ನು ತೆರೆಯ ತುಂಬ ಹಿಗ್ಗಿಸಿ, ಕೊನೆಯ ಸಾಲಿಗೆ ಬಂದು ನಿಂತರು. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿರಲು, ಚಪಡನೆಂಬ ಬರೆಹಗಾರನು ತಾನು ಲಿಪಿಕಾರನೆಂಬ ಒಂದು ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ವಾಯವ್ಯ ಸೀಮೆಯ ಲಿಪಿಯನ್ನು ಬಲ್ಲವನೊಬ್ಬನು ಇಲ್ಲಿಯ ಬಂಡೆಯ ಮುಂದೆ ಹೇಗೆ ಬಂದು ಕುಳಿತ? ಮಕ್ಕಳು ಆ ಒಂದು ಪದದ ಮೇಲೆ ಇಡೀ ಅವಧಿಯನ್ನು ಕಳೆದರು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತೂ ಅದೇ ಶಾಸನದಲ್ಲಿದೆ. ಮೇಷ್ಟರು ಅದನ್ನು ತಾವಾಗಿ ಎತ್ತಲಿಲ್ಲ. ಒಬ್ಬ ತುಂಟನು ಕಂಡುಹಿಡಿದು ಓದಿದಾಗ ನಕ್ಕರು.

ಚಂದ್ರವಳ್ಳಿಯ ವಿಷಯದಲ್ಲಿ ಹೀಗೆ ಮಾಡಲಿಲ್ಲ. ಕೆರೆಯೊಂದನ್ನು ಕುರಿತ ಮಯೂರಶರ್ಮನ ಶಾಸನವು ದುರ್ಗದ ಮಗ್ಗುಲಲ್ಲೇ, ಅದು ಹೇಳುವ ನೀರಿನ ಎಡೆಯಲ್ಲೇ ನಿಂತಿದೆ. ಕಾಲಿನಿಂದ ನಡೆದು ನೋಡಬಹುದಾದುದನ್ನು ತೆರೆಯ ಮೇಲೆ ತೋರಿಸುವುದು, ಮನೆಗೆ ಬಂದ ನೆಂಟನಿಗೆ ಊಟದ ಚಿತ್ರವನ್ನು ಬಡಿಸಿದಂತೆ. ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು.

ತೆರೆಯು ಅನಿವಾರ್ಯವಾಗುವ ಕಾಲವೂ ಉಂಟು. ಕೋವಿಡ್ ಬೇನೆಯಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಜುಲೈ 20ರಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಹೆಸರಿನಿಂದ ಪ್ರೌಢಶಾಲೆಯ ಪಾಠಗಳು ಬಂದುವು. ಮಕ್ಕಳಿಗೆ ಆಗ ಅದೊಂದು ಊರುಗೋಲು. ಆದರೆ ಆ ತೆರೆಯು ಮಗುವಿನ ಹುಬ್ಬು ಗಂಟಿಕ್ಕಿದ್ದನ್ನು ಕಾಣಲಾರದು, ನಡುವೆ ನಿಂತು “ತಿಳಿಯಿತೇನಪ್ಪಾ?” ಎಂದು ಕೇಳಿ ಉತ್ತರಕ್ಕೆ ಕಾಯಲಾರದು. ಕೊಠಡಿಯಲ್ಲಿ ಮೇಷ್ಟರು ಇರುವಾಗಲೂ ಪಾಠವು ಹಾಗೆಯೇ ಒಂದೇ ಸಮನೆ ಹರಿದುಹೋದರೆ, ಅವರು ಅಲ್ಲಿದ್ದು ಫಲವೇನು?

ಮೇಷ್ಟರು ಕ್ರಮೇಣ ತಮಗಾಗಿ ಕೆಲವು ಕಟ್ಟುಗಳನ್ನು ಮಾಡಿಕೊಂಡರು. ಕಣ್ಣಿಗೆ ಎಟುಕದಷ್ಟು ದೂರವಾದ, ಸಣ್ಣದಾದ, ನಿಧಾನವಾದ ಅಥವಾ ಗತಿಸಿಹೋದ ವಸ್ತುವಿಗೆ ಮಾತ್ರ ತೆರೆ. ಚಿತ್ರಕ್ಕಿಂತ ಮೊದಲು ಪ್ರಶ್ನೆ. ಒಂದು ಅವಧಿಗೆ ಮೂರು ನಾಲ್ಕು ಚಿತ್ರ. ಪ್ರತಿಯೊಂದಕ್ಕೂ ಯಾವ ಊರು, ಯಾವ ವರ್ಷ ಎಂಬ ಲೆಕ್ಕ. ಕಡೆಯ ಬೆಂಚಿನವನು ಓದಲಾರದ ಅಕ್ಷರ ಕೂಡದು. ಮಕ್ಕಳ ಮುಖ ಕಾಣದಷ್ಟು ಕತ್ತಲೆಯೂ ಕೂಡದು. ನಡುವೆ ವಿದ್ಯುತ್ತು ಹೋದರೆ ನಿಂತುಹೋಗುವಂಥದು ಪಾಠವಲ್ಲ. ಹಿರಿಯೂರಿನ ಬಿಸಿಲಿನಲ್ಲಿ ಈ ಕಡೆಯ ಕಟ್ಟನ್ನು ಪರೀಕ್ಷಿಸಿಕೊಳ್ಳುವ ಅವಕಾಶ ಅವರಿಗೆ ಆಗಾಗ ದೊರೆಯುತ್ತಿತ್ತು.

ಗೋಡೆಯ ಗೆರೆಯನ್ನು ಮಕ್ಕಳು ಉದ್ದನೆಯ ಕಾಗದದ ಮೇಲೆ ಇಳಿಸಿ, ಪ್ರೊಜೆಕ್ಟರಿನ ತೆರೆಯ ಕೆಳಗೆ ಅಂಟಿಸಿದ್ದರು. 2025ರ ಜನವರಿಯಲ್ಲಿ ಸಾಗರವು ಮತ್ತೆ ಕೋಡಿ ಬಿದ್ದಿತು. ಆಗ ಹತ್ತನೆಯ ತರಗತಿಯಲ್ಲಿದ್ದ ಆ ಹುಡುಗಿ ಬೆಳಗ್ಗೆ ಗಂಟೆ ಹೊಡೆಯುವ ಮುನ್ನವೇ ಬಂದು, ಮೇಷ್ಟರ ಅಪ್ಪಣೆ ಕೇಳಿ, ಕಾಗದದ ಮೇಲೆ ಮೂರನೆಯ ಗುರುತನ್ನು ಹಾಕಿದಳು. ಮೊದಲ ಎರಡು ಗುರುತುಗಳ ನಡುವೆ ಒಂಬತ್ತು ಗೇಣು. ಎರಡನೆಯದಕ್ಕೂ ಮೂರನೆಯದಕ್ಕೂ ಎರಡು ಮೂರು ಬೆರಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, “ಇಷ್ಟು ಹತ್ತಿರ ಏಕೆ ಬಂತು ಸಾರ್? ಮಳೆ ಹೆಚ್ಚಾಯಿತೋ, ಭದ್ರೆಯ ನೀರನ್ನು ವೇದಾವತಿಗೆ ಬಿಡುತ್ತಿರುವುದರಿಂದಲೋ?” ಎಂದು ಕೇಳಿದಳು.

ಮೇಷ್ಟರು ಉತ್ತರ ಹೇಳಲಿಲ್ಲ. “ತರಗತಿಗೆ ಕೇಳೋಣ, ಬಾರಮ್ಮ” ಎಂದು ಕಿಟಕಿಗಳನ್ನು ತೆರೆದರು.