ದಾರದಲ್ಲಿ ಅಳೆದ ಆಕಾಶಮಾರ್ಗ

ಮರ್ಕೇಟರ್ ಮಾದರಿಯ ಪ್ರಪಂಚ ಭೂಪಟದಲ್ಲಿ ಬೆಂಗಳೂರಿನಿಂದ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋಗೆ ಅಡಿಪಟ್ಟಿ ಇಟ್ಟು ಗೆರೆ ಎಳೆಯಿರಿ. ಅದು ಅರಬ್ಬಿ ಸಮುದ್ರ, ಸಹಾರ ಮರುಭೂಮಿ, ಅಟ್ಲಾಂಟಿಕ್ ಸಾಗರಗಳನ್ನು ದಾಟಿ ಹೋಗುತ್ತದೆ. ನೋಡಲು ನೆಟ್ಟನೆಯ ದಾರಿ. ಆದರೆ ಆ ಗೆರೆ ಹಿಡಿದು ಹಾರಿದರೆ ಸುಮಾರು 20 ಸಾವಿರ ಕಿ.ಮೀ. ಆಗುತ್ತದೆ. ಈ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರವಾದರೋ ಸುಮಾರು 14 ಸಾವಿರ ಕಿ.ಮೀ. ಮಾತ್ರ!

ಈ 6 ಸಾವಿರ ಕಿ.ಮೀ. ವ್ಯತ್ಯಾಸಕ್ಕೆ ಕಾರಣ, ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಿರುವುದು. ಮೂಸಂಬಿ ಸಿಪ್ಪೆಯನ್ನು ಎಳೆಯದೆ, ಹರಿಯದೆ ಮೇಜಿನ ಮೇಲೆ ಮಟ್ಟಸವಾಗಿ ಹಾಸಲು ಸಾಧ್ಯವೇ? ಭೂಪಟದ ಪಾಡೂ ಅದೇ.

ಶಾಲೆಯ ಗೋಳ ತೆಗೆದುಕೊಳ್ಳಿ. ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ಟಿಬೆಟ್, ಸೈಬೀರಿಯಾ, ಅಲಾಸ್ಕಗಳ ಮೇಲೆ ನಿಲ್ಲುತ್ತದೆ. ಗೋಳದ ವ್ಯಾಸ 30 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 94 ಸೆಂ.ಮೀ.; ದಾರದ ಉದ್ದ ಸುಮಾರು 33 ಸೆಂ.ಮೀ. ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ. ಇನ್ನುಳಿದದ್ದು ತ್ರೈರಾಶಿಕ. ಏಳನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ.

ಹಾಗಾದರೆ ವಿಮಾನ ಈ ದಾರದ ಜಾಡಿನಲ್ಲೇ ಹಾರುತ್ತದೆಯೇ? ಯಾವಾಗಲೂ ಇಲ್ಲ. 2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲೆ ಹಾದು 11ರ ಬೆಳಗಿನ ಜಾವ ಬೆಂಗಳೂರು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲ ಮಹಿಳೆಯರೇ. ಧ್ರುವದ ದಾರಿ ದಾರದ ದಾರಿಗಿಂತ ಕೆಲವು ನೂರು ಕಿ.ಮೀ. ಹೆಚ್ಚು. ಆದರೆ ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿ ಬೀಸುತ್ತಿರುತ್ತದೆ. ಎದುರುಗಾಳಿ ತಪ್ಪಿದರೆ ದೂರದ ದಾರಿಯೂ ಲಾಭವೇ. ಧ್ರುವದ ಬಳಿ ಬೇರೆ ಎಚ್ಚರಗಳೂ ಬೇಕು. ಅಲ್ಲಿ ಕಾಂತೀಯ ದಿಕ್ಸೂಚಿಯನ್ನು ನಂಬುವಂತಿಲ್ಲ. ಜೆಟ್ ಇಂಧನ ಸುಮಾರು ಮೈನಸ್ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗುವುದರಿಂದ ಅದರ ಉಷ್ಣತೆಯ ಮೇಲೆ ಕಣ್ಣಿಟ್ಟಿರಬೇಕು.

9ರ ರಾತ್ರಿ ಹೊರಟು 11ಕ್ಕೆ ಬಂದರೆ ಎರಡು ರಾತ್ರಿಗಳ ಪ್ರಯಾಣವಾಯಿತಲ್ಲ ಎನ್ನಬೇಡಿ. ಹಾರಿದ್ದು ಸುಮಾರು 17 ಗಂಟೆ ಮಾತ್ರ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದ ಒಂದು ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ, ಅಲ್ಲಿ ಅದೇ ದಿನದ ಸಂಜೆ ನಾಲ್ಕೂವರೆ!

ನನ್ನ ಹಳೆಯ ವಿದ್ಯಾರ್ಥಿಗಳ ತಂದೆತಾಯಿಗಳು ಸಿಕ್ಕಾಗ, “ಮಗಳು ಪ್ರಪಂಚದ ಆ ಕೊನೆಯಲ್ಲಿದ್ದಾಳೆ ಮೇಷ್ಟ್ರೇ” ಎಂದು ನಿಟ್ಟುಸಿರುಬಿಡುತ್ತಾರೆ. ಗೋಳಕ್ಕೆ ಕೊನೆಯೆಂಬುದಿಲ್ಲ ಎಂದಷ್ಟೇ ಹೇಳಿದರೆ ಅವರ ಅಗಲಿಕೆಯ ನೋವು ಕರಗದು, ನಿಜ. ಆದರೂ ಮನೆಯ ಮಕ್ಕಳ ಕೈಗೆ ಗೋಳವನ್ನೂ ದಾರವನ್ನೂ ಕೊಟ್ಟು, ಅಕ್ಕನ ಊರು ಎಷ್ಟು ದೂರವೆಂದು ಅಳೆಯಲು ಹೇಳಿ. ಅವಳು ಮನೆಗೆ ಬರುವ ದಾರಿಯೂ ಆ ಮೂವತ್ತಮೂರು ಸೆಂಟಿಮೀಟರಿನಲ್ಲೇ ಇದೆ.